ಶಾಲೆ ಬಿಟ್ಟ ಮೇಲಿನ ಮೂರು ಗಂಟೆಗಳಿಗೆ ಅನುದಾನ ಕೇಳುವುದು ಹೇಗೆ?

ಅಮೆರಿಕದ ಹೆಚ್ಚಿನ ಹೈಸ್ಕೂಲುಗಳಲ್ಲಿ ಮಧ್ಯಾಹ್ನ ಎರಡೂವರೆ–ಮೂರರ ಹೊತ್ತಿಗೆ ಕೊನೆಯ ಗಂಟೆ ಹೊಡೆಯುತ್ತದೆ. ಅಪ್ಪ–ಅಮ್ಮ ಕೆಲಸ ಮುಗಿಸಿ ಮನೆ ಸೇರುವುದು ಆರಕ್ಕೋ ಏಳಕ್ಕೋ. ಅನುಕೂಲಸ್ಥರ ಮಕ್ಕಳು ಈ ನಡುವಿನ ಹೊತ್ತಿನಲ್ಲಿ ಈಜು, ಪಿಯಾನೊ, ಟ್ಯೂಷನ್ ಅಂತ ಓಡಾಡಿಕೊಂಡಿರುತ್ತಾರೆ. ದುಡ್ಡಿಲ್ಲದ ಮನೆಯ ಹದಿಹರೆಯದವರಿಗೆ ಬಾಗಿಲು ತೆರೆದು ಕೂರುವುದು ಚರ್ಚಿನ ನೆಲಮಾಳಿಗೆಯಲ್ಲೋ ಗ್ರಂಥಾಲಯದ ಹಿಂದಿನ ಕೋಣೆಯಲ್ಲೋ ನಡೆಯುವ ಸಣ್ಣ ಸಂಸ್ಥೆಗಳು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಇಂಥ ಕಡೆ ಸಂಜೆ ಪಾಠ ಹೇಳುವವರಿದ್ದಾರೆ. ಗಣಿತ ಹೇಳಿಕೊಡಲೆಂದು ಹೋದ ನಾನು ಕೊನೆಗೆ ಅನುದಾನದ ಅರ್ಜಿ ಬರೆಯಲು ಕೂತೆ. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸರ್ಕಾರದ ಹಣ ಇಲ್ಲವೇ ಎಂದರೆ ಇದೆ. 1994ರಲ್ಲಿ ಕಾನೂನಿನ ರೂಪ ಪಡೆದ ‘21ನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಯೋಜನೆಗೆ ಕೇಂದ್ರ ಸರ್ಕಾರ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಕೊಡುತ್ತದೆ. ಆ ಹಣ ರಾಜ್ಯಗಳ ಮೂಲಕ ಹಂಚಿಕೆಯಾಗುತ್ತದೆ. ಅದರ ಲೆಕ್ಕಪತ್ರದ ಭಾರ ಹೊರಲು ಇಬ್ಬರು ಮೂವರು ನಡೆಸುವ ಕೇಂದ್ರಕ್ಕೆ ಕಷ್ಟ. ಅಂಥವರು ಮೊದಲು ಹೋಗಬೇಕಾದದ್ದು ಅನುದಾನ ಕೊಡುವ ದತ್ತಿ ಸಂಸ್ಥೆಗಳ, ಅಂದರೆ ಫೌಂಡೇಶನ್‌ಗಳ ಬಾಗಿಲಿಗೆ.

ಹಂತ 1: ಒಂದು ಸಂಜೆಯನ್ನು ಬರೆದಿಟ್ಟುಕೊಳ್ಳಿ

ಅರ್ಜಿ ನಮೂನೆ ತೆರೆಯುವ ಮುಂಚೆ ನಿಮ್ಮ ಕೇಂದ್ರದ ಯಾವುದಾದರೂ ಒಂದು ಮಂಗಳವಾರವನ್ನು ಮೂರರಿಂದ ಆರರವರೆಗೆ ನೋಡಿ ಬರೆಯಿರಿ. ಯಾರು ಬಂದರು, ಎಲ್ಲಿ ಕೂತರು, ಯಾರೊಡನೆ ಮಾತಾಡಿದರು, ಯಾರು ಬೇಗ ಎದ್ದುಹೋದರು?

ನಮ್ಮಲ್ಲಿ ಹದಿನೈದರ ಹುಡುಗಿಯೊಬ್ಬಳು ದಿನವೂ ನಾಲ್ಕೂವರೆಗೆ ಸರಿಯಾಗಿ ಬ್ಯಾಗು ಹೆಗಲಿಗೇರಿಸುತ್ತಿದ್ದಳು. ಪಾಠದಲ್ಲಿ ಮನಸ್ಸಿಲ್ಲ ಅಂತಲೇ ತಿಂಗಳುಗಟ್ಟಲೆ ಅಂದುಕೊಂಡಿದ್ದೆವು. ಹೀಗೆ ಬರೆಯಲು ಕೂತ ದಿನ ಕೇಳಿದಾಗಲೇ ಗೊತ್ತಾದದ್ದು, ಪ್ರಾಥಮಿಕ ಶಾಲೆಯಿಂದ ತಮ್ಮನನ್ನು ಕರೆತರುವವಳು ಇವಳೇ ಅಂತ. ತಮ್ಮನೂ ಬಂದು ಕೂರಲು ಒಂದು ಮೇಜು ಹಾಕಿದೆವು. ಅವಳು ಆರರವರೆಗೆ ಉಳಿದಳು. ಹದಿಹರೆಯದವರನ್ನು ಚಿಕ್ಕ ಮಕ್ಕಳ ಹಾಗೆ ಕೈಹಿಡಿದು ತಂದು ಬಿಡಲಾಗುವುದಿಲ್ಲ. ಬರಬೇಕೆನಿಸಿದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಅವರನ್ನು ಮತ್ತೆ ಕರೆತರುವುದು ಬಹುತೇಕ ಒಬ್ಬ ಮನುಷ್ಯ: ಹೆಸರು ನೆನಪಿಟ್ಟುಕೊಂಡು ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವ, ಮುಂದಿನ ವರ್ಷವೂ ಅಲ್ಲೇ ಇರುವ ಒಬ್ಬ ದೊಡ್ಡವರು. ಅರ್ಜಿಯ ಉಳಿದೆಲ್ಲ ಭಾಗ ಈ ಮನುಷ್ಯನನ್ನು ಉಳಿಸಿಕೊಳ್ಳುವ ಸುತ್ತಲೇ ಇರಬೇಕು ಎಂಬುದು ನನ್ನ ದೃಢ ನಂಬಿಕೆ.

ಹಂತ 2: ಕಾನೂನಿನ ಕಾಗದ

ಫೌಂಡೇಶನ್‌ಗಳು ಸಾಮಾನ್ಯವಾಗಿ 501(ಸಿ)(3) ಮಾನ್ಯತೆ, ಅಂದರೆ ತೆರಿಗೆ ವಿನಾಯಿತಿಯ ಧರ್ಮಾರ್ಥ ಸಂಸ್ಥೆಯೆಂಬ ಮಾನ್ಯತೆ, ಇರುವ ಸಂಸ್ಥೆಗೇ ಹಣ ಕೊಡುತ್ತವೆ. ವಾರ್ಷಿಕ ಆದಾಯ 50,000 ಡಾಲರ್ ಮೀರದ ಸಣ್ಣ ಸಂಸ್ಥೆ ‘1023–ಇಝಡ್’ ಎಂಬ ಚಿಕ್ಕ ನಮೂನೆಯಲ್ಲಿ ಈ ಮಾನ್ಯತೆಗೆ ಅರ್ಜಿ ಹಾಕಬಹುದು. ಅಷ್ಟೂ ಆಗಿಲ್ಲವೆಂದರೆ ಮಾನ್ಯತೆ ಇರುವ ಬೇರೊಂದು ಸಂಸ್ಥೆಯ ಆಸರೆಯಲ್ಲಿ ಅರ್ಜಿ ಹಾಕುವ ವ್ಯವಸ್ಥೆಯಿದೆ. ಅದನ್ನು ‘ಫಿಸ್ಕಲ್ ಸ್ಪಾನ್ಸರ್’ ಅನ್ನುತ್ತಾರೆ. ಬಂದ ಹಣದಲ್ಲಿ ಅವರು ಒಂದು ಪಾಲು ಶುಲ್ಕ ಹಿಡಿದುಕೊಳ್ಳುತ್ತಾರೆ. ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ.

ಹಂತ 3: ಯಾವ ಬಾಗಿಲು ತಟ್ಟಬೇಕು?

ಹೊಸಬರು ಎಡವುವುದು ಇಲ್ಲೇ. ದೊಡ್ಡ ಹೆಸರು ಕಂಡಲ್ಲೆಲ್ಲ ಒಂದೇ ಪತ್ರ ಕಳಿಸಿಬಿಡುತ್ತಾರೆ. ವಿಲಿಯಂ ಟಿ. ಗ್ರಾಂಟ್ ಫೌಂಡೇಶನ್‌ಗೆ ಯುವಜನರ ಬಗ್ಗೆ ಆಸ್ಥೆ ಇರುವುದು ನಿಜ, ಆದರೆ ಅದು ಮುಖ್ಯವಾಗಿ ಹಣ ಕೊಡುವುದು ಸಂಶೋಧನೆಗೆ. ರಾಬಿನ್ ಹುಡ್ ಫೌಂಡೇಶನ್ನಿನ ಕೆಲಸ ನ್ಯೂಯಾರ್ಕ್ ನಗರದ ಬಡತನದ ಮೇಲೆ. ಮಿಷಿಗನ್ನಿನ ಫ್ಲಿಂಟ್‌ನಲ್ಲಿರುವ ಚಾರ್ಲ್ಸ್ ಸ್ಟುವರ್ಟ್ ಮಾಟ್ ಫೌಂಡೇಶನ್ ಶಾಲಾನಂತರದ ಕಾರ್ಯಕ್ರಮಗಳ ಹಳೆಯ ಪೋಷಕ. ಅದು ರಾಜ್ಯಮಟ್ಟದ ಜಾಲಗಳನ್ನು ಕಟ್ಟಲು ಒತ್ತು ಕೊಡುತ್ತದೆ. ಒಂದು ಬಡಾವಣೆಯ ಕೇಂದ್ರಕ್ಕೆ ಇವೆಲ್ಲಕ್ಕಿಂತ ಹತ್ತಿರದ ಬಾಗಿಲು ಆ ಊರಿನ ಸಮುದಾಯ ಫೌಂಡೇಶನ್, ಅಂದರೆ ಊರವರ ದೇಣಿಗೆ ಕೂಡಿಸಿ ಅಲ್ಲೇ ಹಂಚುವ ಸಂಸ್ಥೆ. 1914ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೊದಲನೆಯದು ಹುಟ್ಟಿತು, ಈಗ ದೇಶದುದ್ದಕ್ಕೂ ಇವೆ. ಅಲ್ಲಿನ ಅಧಿಕಾರಿಗೆ ನಿಮ್ಮ ಬೀದಿ ಗೊತ್ತಿರುತ್ತದೆ.

ಖಾಸಗಿ ಫೌಂಡೇಶನ್‌ಗಳು ಸುಮ್ಮನೆ ಹಣ ಕೂಡಿಟ್ಟುಕೊಳ್ಳುವ ಹಾಗಿಲ್ಲ. 1969ರ ತೆರಿಗೆ ಸುಧಾರಣಾ ಕಾಯ್ದೆಯಿಂದ ಮೊದಲಾದ ನಿಯಮದಂತೆ ಪ್ರತಿವರ್ಷ ಒಂದಿಷ್ಟು ಹಂಚಲೇಬೇಕು. ಈಗ ಅದು ಹೂಡಿಕೆಯಲ್ಲಿರುವ ಆಸ್ತಿಯ ಸುಮಾರು ಶೇ 5. ಯಾರಿಗೆ, ಎಷ್ಟು, ಯಾತಕ್ಕೆ ಕೊಟ್ಟರು ಎಂಬುದನ್ನು ‘990–ಪಿಎಫ್’ ಎಂಬ ತೆರಿಗೆ ನಮೂನೆಯಲ್ಲಿ ಘೋಷಿಸಬೇಕು, ಅದು ಸಾರ್ವಜನಿಕ ದಾಖಲೆ. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ‘ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್’ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅನುದಾನಗಳ ಮಾಹಿತಿ ಕಲೆಹಾಕುವ ಕ್ಯಾಂಡಿಡ್ ಸಂಸ್ಥೆಯ ಹುಡುಕಾಟ ತಾಣವನ್ನು ಪೂರ್ತಿ ಬಳಸಲು ಚಂದಾ ಕಟ್ಟಬೇಕು, ಆದರೆ ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅದನ್ನು ಉಚಿತವಾಗಿ ಬಳಸಬಹುದು.

ಈ ನಮೂನೆ ಓದುವುದಕ್ಕೊಂದು ಕ್ರಮವಿದೆ. ಮೊದಲು, ‘ಮುಂಚೆಯೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ’ ಎಂಬ ಚೌಕದಲ್ಲಿ ಗುರುತಿದೆಯೇ ನೋಡಿ. ಇದ್ದರೆ ಅಲ್ಲಿಗೇ ಬಿಡಿ. ಇಲ್ಲದಿದ್ದರೆ ಅನುದಾನಗಳ ಪಟ್ಟಿಗೆ ಇಳಿದು ಮೂರು ವರ್ಷಗಳದ್ದನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ನಿಮ್ಮಷ್ಟೇ ಗಾತ್ರದ ಸಂಸ್ಥೆಗೆ ಎಷ್ಟು ಕೊಟ್ಟಿದ್ದಾರೆ? ಅದೇ ಸಂಸ್ಥೆಗೆ ಎರಡನೇ ವರ್ಷವೂ ಕೊಟ್ಟಿದ್ದಾರೆಯೇ? ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಎರಡನೆಯ ಪ್ರಶ್ನೆ. ಒಂದೇ ವರ್ಷ ಕೊಟ್ಟು ಕೈಬಿಡುವ ದುಡ್ಡು ನಂಬಿ ಮಕ್ಕಳನ್ನು ಸೇರಿಸಿಕೊಂಡರೆ ಮುಂದಿನ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ಬಾಗಿಲು ಹಾಕಿರುವುದನ್ನು ನೋಡುವವರು ಅವರೇ.

ಹಂತ 4: ವಿಚಾರಣಾ ಪತ್ರ

ಹಲವು ಫೌಂಡೇಶನ್‌ಗಳು ಪೂರ್ಣ ಅರ್ಜಿಗೆ ಮುಂಚೆ ಒಂದೆರಡು ಪುಟದ ಪತ್ರ ಕೇಳುತ್ತವೆ. ಮೊದಲ ಪ್ಯಾರಾದಲ್ಲೇ ನೀವು ಯಾರು, ಯಾವ ವಯಸ್ಸಿನ ಎಷ್ಟು ಮಕ್ಕಳು, ಎಷ್ಟು ಹಣ, ಯಾವ ಅವಧಿಗೆ ಎಂಬುದು ಬಂದುಬಿಡಲಿ.

ಬಡತನವನ್ನು ತೋರಿಸಲು ಬಹಳ ಜನ ಶಾಲೆಯ ಉಚಿತ ಊಟದ ಲೆಕ್ಕ ಕೊಡುತ್ತಾರೆ. ಮನೆಯ ಆದಾಯ ಬಡತನ ರೇಖೆಯ ಶೇ 130ರೊಳಗಿದ್ದರೆ ಊಟ ಉಚಿತ, ಶೇ 185ರವರೆಗೆ ರಿಯಾಯಿತಿ. ಆದರೆ ಈಗ ಬಡ ಪ್ರದೇಶದ ಅನೇಕ ಶಾಲೆಗಳು ವಿಶೇಷ ಯೋಜನೆಯಡಿ ಎಲ್ಲರಿಗೂ ಉಚಿತ ಊಟ ಕೊಡುತ್ತಿವೆ. ಅಂಥ ಕಡೆ ‘ಶೇ 100’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಜನಗಣತಿ ಇಲಾಖೆಯ ಸಮೀಕ್ಷೆಯಲ್ಲಿ ನಿಮ್ಮ ಪ್ರದೇಶದ ಆದಾಯದ ಅಂಕಿ ತೆಗೆದು ಜೊತೆಗಿಡಿ.

ಇನ್ನೊಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಶಾಲೆ ಬಿಟ್ಟ ಕೂಡಲೇ ಹದಿಹರೆಯದವರ ಹಿಂಸಾಕೃತ್ಯಗಳು ಹೆಚ್ಚುತ್ತವೆ ಎಂಬ ಪೊಲೀಸ್ ಅಂಕಿಅಂಶ ಇದೆ. ಅದನ್ನು ಪತ್ರದ ತಲೆಗೆ ಅಂಟಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ನೀವು ಬರೆದ ಪತ್ರವನ್ನು ಒಂದು ದಿನ ಆ ಮಕ್ಕಳೇ ಓದಬಹುದು. ತಮ್ಮನಿಗಾಗಿ ನಾಲ್ಕೂವರೆಗೆ ಎದ್ದು ಹೋಗುತ್ತಿದ್ದ ಹುಡುಗಿಯನ್ನು ‘ಅಪಾಯದ ಅಂಚಿನಲ್ಲಿರುವವಳು’ ಎಂದು ಕರೆಯುವುದಕ್ಕೆ ನನಗಂತೂ ಕೈ ಬರುವುದಿಲ್ಲ. ಅವರು ಏನು ಮಾಡಬಲ್ಲರು ಎಂಬುದರಿಂದ ಶುರು ಮಾಡಿ.

ಹಂತ 5: ಬಜೆಟ್

ಎಷ್ಟೋ ಪರಿಶೀಲಕರು ಅರ್ಜಿಯಲ್ಲಿ ಮೊದಲು ತಿರುವಿ ನೋಡುವ ಪುಟ ಇದು. ಟ್ಯಾಬ್ಲೆಟ್, ಟೀ ಶರ್ಟ್, ಪುಸ್ತಕದ ಕಪಾಟು ಕೇಳುವುದು ಸುಲಭ, ಫೋಟೊದಲ್ಲೂ ಚೆನ್ನಾಗಿ ಕಾಣುತ್ತವೆ. ಸಂಬಳ ಕೇಳಲು ಜನ ಹಿಂಜರಿಯುತ್ತಾರೆ. ನಾವೂ ಮೊದಲ ವರ್ಷ ಸಿಬ್ಬಂದಿಗೆ ದಿನಕ್ಕೆ ಮೂರು ಗಂಟೆ, ವಾರಕ್ಕೆ 15 ಗಂಟೆಯ ಸಂಬಳ ಮಾತ್ರ ಬರೆದೆವು. ಬಾಗಿಲು ತೆರೆಯುವ ಮುಂಚಿನ ತಯಾರಿ, ಶಾಲೆಯ ಕೌನ್ಸೆಲರ್ ಜೊತೆಗಿನ ಮಾತು, ಮನೆಗಳಿಗೆ ಮಾಡುವ ಫೋನು ಯಾವುದೂ ಲೆಕ್ಕದಲ್ಲಿರಲಿಲ್ಲ. ಸಿಬ್ಬಂದಿಯಲ್ಲಿ ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದ ಒಬ್ಬ ಫೆಬ್ರುವರಿಯಲ್ಲಿ ಪೂರ್ಣಾವಧಿ ಕೆಲಸ ಸಿಕ್ಕಿ ಹೊರಟುಹೋದ. ಮುಂದಿನ ಎರಡು ವಾರದಲ್ಲಿ ಹಾಜರಿ ಪುಸ್ತಕದ ಅರ್ಧ ಸಾಲು ಖಾಲಿ. ಮರುವರ್ಷ 25 ಗಂಟೆ ಕೇಳಿದೆವು. ಯಾಕೆಂದು ನಾಲ್ಕು ಸಾಲಿನಲ್ಲಿ ಬರೆದೆವು, ಆ ಖಾಲಿ ಸಾಲುಗಳ ಸಂಗತಿ ಸಮೇತ. ಫೌಂಡೇಶನ್ ಒಪ್ಪಿತು.

ತಲೆಗೆ ಎಷ್ಟು ಖರ್ಚು ಎಂದು ಕೇಳುತ್ತಾರೆ. ಹೆಸರು ಬರೆಸಿದವರಿಂದ ಭಾಗಿಸಬೇಡಿ, ದಿನಕ್ಕೆ ಸರಾಸರಿ ಬರುವವರಿಂದ ಭಾಗಿಸಿ. ಉದಾಹರಣೆಗೆ, ವರ್ಷದ ಖರ್ಚು 90,000 ಡಾಲರ್, ದಿನದ ಸರಾಸರಿ 30 ಮಕ್ಕಳು, 180 ದಿನ ಎಂದರೆ ಒಂದು ಮಗುವಿಗೆ ಒಂದು ಸಂಜೆಗೆ ಸುಮಾರು 17 ಡಾಲರ್ ಬೀಳುತ್ತದೆ. ಈ ಲೆಕ್ಕವನ್ನು ಮುಚ್ಚಿಡದೆ ಹಾಗೇ ಬರೆಯಿರಿ.

ಊಟ–ತಿಂಡಿಯನ್ನು ಫೌಂಡೇಶನ್ ಬಳಿ ಕೇಳುವ ಮುಂಚೆ ಕೃಷಿ ಇಲಾಖೆಯ ಶಾಲಾನಂತರದ ಆಹಾರ ಯೋಜನೆಗೆ ಅರ್ಜಿ ಹಾಕಿ. ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದವರು ಶೇ 50ಕ್ಕೆ ಕಡಿಮೆಯಿಲ್ಲದ ಶಾಲೆಯ ವ್ಯಾಪ್ತಿಯಲ್ಲಿ ಕೇಂದ್ರವಿದ್ದರೆ, 18 ವರ್ಷದವರೆಗಿನ ಮಕ್ಕಳ ಊಟದ ಖರ್ಚು ಅಲ್ಲಿಂದ ವಾಪಸು ಸಿಗುತ್ತದೆ. ಉಳಿದ ಹಣ ಸಂಬಳಕ್ಕಾಯಿತು. ಬಾಡಿಗೆ, ವಿಮೆ, ಲೆಕ್ಕಿಗರ ಶುಲ್ಕದಂಥ ಆಡಳಿತ ವೆಚ್ಚವನ್ನೂ ಸೇರಿಸಿ. ಈ ವೆಚ್ಚಕ್ಕೆ ಸರ್ಕಾರದೊಡನೆ ಸ್ವಂತ ದರ ನಿಗದಿಯಾಗಿಲ್ಲದ ಸಂಸ್ಥೆಗೆ ಕೇಂದ್ರ ಸರ್ಕಾರವೇ ತನ್ನ ಅನುದಾನಗಳಲ್ಲಿ ಇದರ ಮಿತಿಯನ್ನು 2024ರ ಅಕ್ಟೋಬರಿನಿಂದ ಶೇ 10ರಿಂದ 15ಕ್ಕೆ ಏರಿಸಿದೆ. ಫೌಂಡೇಶನ್ ಜೊತೆ ಮಾತಾಡುವಾಗ ಇದನ್ನು ನೆನಪಿಸಬಹುದು.

ಹಂತ 6: ಏನು ಅಳೆಯುತ್ತೀರಿ?

ಅಂಕ ಹೆಚ್ಚಿಸುತ್ತೇವೆ ಎಂದು ಮಾತು ಕೊಡುವ ಮುನ್ನ ಯೋಚಿಸಿ. ವಾರಕ್ಕೆ ಎರಡು ಸಂಜೆ ಬರುವ ಹುಡುಗನ ವಾರ್ಷಿಕ ಅಂಕಕ್ಕೆ ನೀವೊಬ್ಬರೇ ಹೊಣೆಯಲ್ಲ. ಡರ್ಲಾಕ್, ವೈಸ್‌ಬರ್ಗ್ ಮತ್ತು ಪಚನ್ ಎಂಬ ಸಂಶೋಧಕರು ಶಾಲಾನಂತರದ ಕಾರ್ಯಕ್ರಮಗಳ ಬಗ್ಗೆ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರು ಕಂಡದ್ದು ಇಷ್ಟು: ಕೌಶಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ, ಮಕ್ಕಳ ಕೈಯಲ್ಲೇ ಮಾಡಿಸುವ, ಅದಕ್ಕೆಂದೇ ಸಮಯ ಮೀಸಲಿಡುವ, ಏನು ಕಲಿಸುತ್ತೇವೆಂದು ಸ್ಪಷ್ಟವಾಗಿ ಗೊತ್ತಿರುವ ಕಾರ್ಯಕ್ರಮಗಳು ಫಲ ಕೊಟ್ಟವು, ಇವಿಲ್ಲದವು ಅಷ್ಟಾಗಿ ಕೊಡಲಿಲ್ಲ. ಈ ನಾಲ್ಕು ಗುಣಗಳು ನಿಮ್ಮ ಮಂಗಳವಾರದಲ್ಲಿ ಎಲ್ಲಿವೆ ಎಂದು ತೋರಿಸಿ. ಅಳೆಯಲು ಹಾಜರಿ, ಎಷ್ಟು ತಿಂಗಳು ಉಳಿದರು, ವರ್ಷದ ಮೊದಲು ಮತ್ತು ಕೊನೆಗೆ ಒಂದು ಪುಟದ ಪ್ರಶ್ನಾವಳಿ, ಇಷ್ಟು ಸಾಕು. ಶಾಲೆಯ ಅಂಕಪಟ್ಟಿ ಬೇಕೇಬೇಕೆಂದರೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. 1974ರ ಶಿಕ್ಷಣ ಗೋಪ್ಯತಾ ಕಾಯ್ದೆ ಅದನ್ನು ಕೇಳುತ್ತದೆ.

ಹಂತ 7: ಉತ್ತರ ಬಂದ ಮೇಲೆ

‘ಇಲ್ಲ’ ಎಂದು ಬಂದರೆ ಎರಡು ವಾರದೊಳಗೆ ಕಾರ್ಯಕ್ರಮ ಅಧಿಕಾರಿಗೆ ಫೋನು ಮಾಡಿ, ಅರ್ಜಿ ಎಲ್ಲಿ ಸೊರಗಿತು ಎಂದು ಕೇಳಿ. ವಾದ ಬೇಡ, ಬರೆದುಕೊಳ್ಳಿ ಸಾಕು. ಮುಂದಿನ ಸುತ್ತಿನ ದಿನಾಂಕವನ್ನೂ ಅದೇ ಕರೆಯಲ್ಲಿ ಕೇಳಿಕೊಳ್ಳಿ.

‘ಹೌದು’ ಎಂದಾದರೆ ಅದೇ ದಿನ ವರದಿಯ ಗಡುವನ್ನು ಗೋಡೆಗೆ ಅಂಟಿಸಿ. ವರದಿಯಲ್ಲಿ ಕೈಗೂಡದ ಒಂದು ಸಂಗತಿಯೂ ಇರಲಿ, ಯಾಕೆ ಆಗಲಿಲ್ಲ ಎಂಬುದರ ಜೊತೆ. ನಮ್ಮ ಎರಡನೇ ವರ್ಷದ ವರದಿಯಲ್ಲಿ ಶುಕ್ರವಾರದ ಕೋಡಿಂಗ್ ತರಗತಿಗೆ ಯಾರೂ ಬರಲಿಲ್ಲ ಎಂದು ಬರೆದಿದ್ದೆವು. ಫೌಂಡೇಶನ್ನಿನಿಂದ ಬಂದ ಫೋನಿನಲ್ಲಿ ಅವರು ಕೇಳಿದ್ದು, ‘ಆ ಹಣವನ್ನು ತಮ್ಮ–ತಂಗಿಯರ ಮೇಜಿಗೆ ತಿರುಗಿಸಿಕೊಳ್ಳುತ್ತೀರಾ?’ ಅಂತ. ಈಗ ಆ ಮೇಜಿನ ಸುತ್ತ ಆರು ಕುರ್ಚಿಗಳಿವೆ.