ದಾರಕ್ಕೆ ಕಟ್ಟುವ ಕಲ್ಲುಸಕ್ಕರೆ: ಮನೆಯಲ್ಲೇ ಮಾಡಿ ನೋಡಿ

ಪೂಜೆಗೆಂದು ತಂದ ಕಲ್ಲುಸಕ್ಕರೆಯಲ್ಲಿ ಕೆಲವೊಮ್ಮೆ ದಾರದ ಎಳೆ ಸಿಗುತ್ತದೆ. ಕಸವೆಂದು ಎಸೆಯದೆ ಮಕ್ಕಳಿಗೆ ತೋರಿಸಿ. ಹರಳು ಬೆಳೆದದ್ದೇ ಆ ದಾರದ ಮೇಲೆ. ಬಿಸಿ ನೀರು ಹೆಚ್ಚು ಸಕ್ಕರೆ ಕರಗಿಸಿಕೊಳ್ಳುತ್ತದೆ, ಆರಿದ ಮೇಲೆ ಅಷ್ಟನ್ನು ಇಟ್ಟುಕೊಳ್ಳಲಾರದೆ ಬಿಟ್ಟುಕೊಡುತ್ತದೆ. ಕಲ್ಲುಸಕ್ಕರೆಯ ಗುಟ್ಟು ಇಷ್ಟೇ.

ಬೇಕಾದದ್ದು: 200 ಮಿ.ಲೀ. ನೀರು, 550 ಗ್ರಾಂ ಸಕ್ಕರೆ, ಹತ್ತಿಯ ದಾರ, ಒಂದು ಕಡ್ಡಿ, ಮುಕ್ಕಾಲು ಲೀಟರ್ ಹಿಡಿಸುವ ಗಾಜಿನ ಜಾಡಿ. ಬಿಸಿ ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಒಲೆಯ ಮುಂದಿನ ಕೆಲಸ ದೊಡ್ಡವರೇ ಮಾಡಬೇಕು.

ಹಿಂದಿನ ದಿನವೇ ದಾರವನ್ನು ಸಕ್ಕರೆ ನೀರಿನಲ್ಲಿ ಅದ್ದಿ, ಸಕ್ಕರೆಯಲ್ಲಿ ಹೊರಳಿಸಿ ಒಣಗಲು ಬಿಡಿ. ಮೊದಲ ಸಲ ನಾನು ಅವಸರಪಟ್ಟು ಹಸಿ ದಾರವನ್ನೇ ಸುಡುವ ಪಾಕಕ್ಕೆ ಇಳಿಬಿಟ್ಟಿದ್ದೆ. ಅಂಟಿದ್ದ ಕಾಳೆಲ್ಲ ಕರಗಿಹೋಯಿತು. ವಾರ ಕಳೆದರೂ ದಾರ ಬೋಳಾಗಿಯೇ ಇತ್ತು, ಹರಳೆಲ್ಲ ಜಾಡಿಯ ತಳ ಕಚ್ಚಿತ್ತು.

ಮರುದಿನ ಸಕ್ಕರೆಯನ್ನು ಮೊದಲು ತಣ್ಣೀರಿಗೆ ಹಾಕಿ ಕದಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ ಕರಗುವುದು ಸುಮಾರು 200 ಗ್ರಾಂ ಸಕ್ಕರೆ. ಹಾಗಾಗಿ ಎಷ್ಟು ತಿರುವಿದರೂ ತಳದಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ. ಇದೇ ಪಾಠಪುಸ್ತಕದ ಪರ್ಯಾಪ್ತ ದ್ರಾವಣ. ಈಗ ಪಾತ್ರೆಯನ್ನು ಸಣ್ಣ ಉರಿಯ ಮೇಲಿಡಿ. ತಳದ ಬಿಳಿ ಪದರ ತೆಳುವಾಗುತ್ತ ಹೋಗಿ, ಕೊನೆಯ ಕಾಳೂ ಕಣ್ಮರೆಯಾಗಿ ಪಾಕ ತಿಳಿಯಾಗುವುದನ್ನು ನೋಡುವುದೇ ಚೆಂದ. 100 ಡಿಗ್ರಿಯಲ್ಲಿ ಅದೇ 100 ಗ್ರಾಂ ನೀರು 480 ಗ್ರಾಂಗೂ ಹೆಚ್ಚು ಸಕ್ಕರೆ ಕರಗಿಸಬಲ್ಲದು. ನಮಗೆ ಅಷ್ಟು ಬಿಸಿ ಬೇಡ. ಕುದಿಸಿದರೆ ನೀರು ಆವಿಯಾಗಿ ಎಳೆಪಾಕವಾಗಿಬಿಡುತ್ತದೆ.

ಪಾಕ ಉಗುರುಬೆಚ್ಚಗಾದ ಮೇಲೆ ಜಾಡಿಗೆ ಸುರಿಯಿರಿ. ದಾರವನ್ನು ಕಡ್ಡಿಗೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಮೇಲೆ ತೆಳುಬಟ್ಟೆ ಮುಚ್ಚಿ ಅಲುಗಾಡದ ಜಾಗದಲ್ಲಿಡಿ. ಫ್ರಿಜ್ ಬೇಡವೇ ಬೇಡ. ಬೇಗ ತಣಿದರೆ ಸಿಗುವುದು ಪುಡಿ ಹರಳು, ನಿಧಾನಕ್ಕೆ ತಣಿದರೆ ದಪ್ಪ ಹರಳು.

ಒಂದು ವಾರ ಕಾಯಬೇಕು. ಅಷ್ಟರಲ್ಲಿ ಉಪ್ಪಿನ ಮೇಲೂ ಇದನ್ನೇ ಮಾಡಿ ನೋಡಿ. 100 ಗ್ರಾಂ ನೀರಿಗೆ 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿದರೆ, 100 ಡಿಗ್ರಿಯಲ್ಲೂ ಕರಗುವುದು ಸುಮಾರು 39 ಗ್ರಾಂ. ಆರಿಸಿದರೆ ಕೈಗೆ ಬರುವುದು ಮೂರೇ ಗ್ರಾಂ! ಉಪ್ಪು ಬೇಕೆಂದರೆ ನೀರನ್ನೇ ಒಣಗಿಸಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪುನೀರನ್ನು ಬಿಸಿಲಿಗೆ ಹರವುವುದು ಇದಕ್ಕೇ.

ಅನಿಲಗಳದ್ದು ಪೂರ್ತಿ ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತವೆ. ಬೆಚ್ಚಗಿನ ಸೋಡಾ ತೆರೆದಾಗ ತಣ್ಣಗಿನದಕ್ಕಿಂತ ಜೋರಾಗಿ ನೊರೆ ಉಕ್ಕುವುದನ್ನು ನೀವೂ ಕಂಡಿರುತ್ತೀರಿ.

ಎಂಟನೆಯ ದಿನ ಪಾಕದ ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಮೆಲ್ಲಗೆ ಒಡೆದು ದಾರ ಎತ್ತಿ. ಅಂಟಿದ ಪಾಕ ಸೋರಿಹೋಗಲು ಒಂದು ಗಂಟೆ ಖಾಲಿ ಲೋಟದಲ್ಲಿ ತೂಗುಬಿಡಿ. ಜಾಡಿಯಲ್ಲಿ ಉಳಿದ ಪಾಕಕ್ಕೆ ನಿಂಬೆಹಣ್ಣು ಹಿಂಡಿ, ಏಲಕ್ಕಿ ಪುಡಿ ಹಾಕಿ, ನೀರು ಬೆರೆಸಿದರೆ ಪಾನಕ.