ಮೆತ್ತೆ ಹಾಕಿದರೂ ಹೋಗದ ಸೊಂಟನೋವು: ಹೊಸ ಉಪಾಯ ಹುಡುಕುವ ಬಗೆ

ಶಿರಸಿಯಲ್ಲಿ ನನ್ನದು ಮರಗೆಲಸದ ಸಣ್ಣ ಅಂಗಡಿ. ಅಡಿಕೆ ಸುಗ್ಗಿಯಲ್ಲೊಮ್ಮೆ ತೋಟದ ಮನೆಯ ಯಜಮಾನರು ಬಂದು, "ಸುಲಿಯುವವರಿಗೆ ಸೊಂಟನೋವು, ಮಣೆಗೆ ಮೆತ್ತೆ ಹಾಕಿಕೊಡು" ಎಂದರು. ಹಾಕಿಕೊಟ್ಟೆ. ನೋವು ಹೋಗಲಿಲ್ಲ.

ಗಿರಾಕಿ ಹೇಳುವುದು ಹಲವು ಸಲ ಸಮಸ್ಯೆಯನ್ನಲ್ಲ, ತಮಗೆ ತೋಚಿದ ಪರಿಹಾರವನ್ನು. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಕೆಲಸ ನಡೆಯುವಲ್ಲಿ ಹೋಗಿ ಕುಳಿತುಕೊಳ್ಳಿ. ನಾನು ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತೆ. ಮೆಟ್ಟುಗತ್ತಿಯ ಮುಂದಿದ್ದ ಅಕ್ಕ ಬಲಬದಿಯ ರಾಶಿಯಿಂದ ಹಸಿ ಅಡಿಕೆ ಎತ್ತಿಕೊಳ್ಳುತ್ತಿದ್ದರು. ರಾಶಿ ಕರಗಿದಷ್ಟೂ ಕೈ ದೂರ ಚಾಚಬೇಕು, ಸೊಂಟ ತಿರುಚಬೇಕು.

ಇನ್ನು 'ಏಕೆ' ಎಂದು ಕೇಳುತ್ತ ಹೋಗಿ. ಸೊಂಟ ಏಕೆ ನೋಯುತ್ತದೆ? ತಿರುಗಿ ಬಾಗುವುದರಿಂದ. ಏಕೆ ಬಾಗುತ್ತಾರೆ? ಅಡಿಕೆ ನೆಲದ ಮೇಲಿದೆ. ನೆಲಕ್ಕೆ ಏಕೆ ಸುರಿದರು? ಬುಟ್ಟಿ ಎತ್ತರ, ಕುಳಿತಲ್ಲಿಂದ ತಳಕ್ಕೆ ಕೈ ಎಟುಕದು. ಜಪಾನಿನ ಟೊಯೊಟಾದಲ್ಲಿ ಹೀಗೆ ಐದು ಸಲ ಕೇಳುವ ರೂಢಿಯಿದೆ. ನನಗೆ ಮೂರಕ್ಕೇ ದಾರಿ ಕಂಡಿತು, ಲೆಕ್ಕ ಮುಖ್ಯವಲ್ಲ.

ಪ್ರಶ್ನೆಯನ್ನು ತಲೆಕೆಳಗು ಮಾಡುವುದು ನನಗೆ ಬಹಳ ಇಷ್ಟವಾದ ಉಪಾಯ. ಸೊಂಟನೋವನ್ನು ಹೆಚ್ಚಿಸುವುದು ಹೇಗೆ ಎಂದು ಪಟ್ಟಿ ಮಾಡಿದೆ: ಅಡಿಕೆಯನ್ನು ದೂರ ಇಡುವುದು, ಸುಲಿದದ್ದನ್ನು ಹಾಕುವ ಬುಟ್ಟಿಯನ್ನು ಇನ್ನೊಂದು ಬದಿಗೆ ಸರಿಸುವುದು, ದೀಪವನ್ನು ಬೆನ್ನ ಹಿಂದೆ ಕಟ್ಟುವುದು. ದೀಪದ ಮಾತು ಬರೆದು ತಲೆಯೆತ್ತಿದರೆ ಬಲ್ಬು ನಿಜವಾಗಿಯೂ ಅವರ ಬೆನ್ನ ಹಿಂದಿತ್ತು! ತಮ್ಮದೇ ನೆರಳಿನಲ್ಲಿ ಕಾಣದೆ ಮುಂದಕ್ಕೆ ಬಗ್ಗಿ ಸುಲಿಯುತ್ತಿದ್ದರು. ಅದನ್ನು ಆಗಲೇ ಮುಂದಿನ ತೊಲೆಗೆ ಕಟ್ಟಿಸಿದೆ.

ಉಪಾಯ ಕೇಳುವಾಗ ಬಾಯಿಮಾತಿಗೆ ಬಿಡಬೇಡಿ. ಹಿರಿಯರು ಮಾತಾಡಿದರೆ ಕಿರಿಯರು ಸುಮ್ಮನಾಗುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ 6-3-5 ಎಂಬ ಪದ್ಧತಿಯಿದೆ: 6 ಜನ, ತಲಾ 3 ಉಪಾಯ, 5 ನಿಮಿಷ, ಬಳಿಕ ಚೀಟಿ ಪಕ್ಕದವರಿಗೆ. ಆರು ಸುತ್ತಿಗೆ 108 ಉಪಾಯ. ನಾವು ನಾಲ್ವರೇ ಇದ್ದೆವು, ಎರಡೇ ಸುತ್ತು ಮಾಡಿದೆವು. ಎಂದೂ ಬಾಯಿ ಬಿಡದ ಹುಡುಗನೊಬ್ಬನ ಚೀಟಿಯಲ್ಲಿ ಓರೆಯಾದ ಒಂದು ಗೆರೆ, ಅದರ ಮೇಲೆ ಉರುಳುವ ಅಡಿಕೆ.

ಮಾದರಿಗೆ ಮರ ಕೊಯ್ಯಬೇಡಿ. ಅಗಲವಾದ ಅಡಿಕೆ ಹಾಳೆಯನ್ನು ದೋಣಿಯಂತೆ ಬಾಗಿಸಿ ಅಕ್ಕನ ಮಂಡಿಯ ಪಕ್ಕಕ್ಕೆ ಇಳಿಜಾರಾಗಿ ಇಟ್ಟೆ, ಮೇಲ್ತುದಿಗೆ ಮೂರು ಕಲ್ಲು ಕೊಟ್ಟೆ. ಅಡಿಕೆ ರಭಸದಿಂದ ಉರುಳಿ ಜಗಲಿಯೆಲ್ಲ ಚೆಲ್ಲಿತು. ಒಂದು ಕಲ್ಲು ತೆಗೆದೆ. ಈಗ ಒಂದನ್ನು ಎತ್ತಿದರೆ ಇನ್ನೊಂದು ತಾನಾಗಿ ಕೈಯ ಬಳಿ ಬಂದು ನಿಲ್ಲುತ್ತಿತ್ತು. ಆ ಎತ್ತರವನ್ನು ಅಳೆದುಕೊಂಡು ಹೋಗಿ ಹಲಗೆಗೆ ಗರಗಸ ಹಚ್ಚಿದೆ.