ಮೂಳೆಗೆ ಕಡವೆ ಕೊಂಬಿನ ರೂಪ: ಜೇಬುಚಾಕುವಿಗೆ ಹಿಡಿ ಮಾಡುವುದು ಹೇಗೆ?

ಕಡವೆ ಕೊಂಬಿನ ಹಿಡಿ ಇರುವ ಮಡಚುವ ಚಾಕು ಎಂದರೆ ಚಾಕು ಸಂಗ್ರಹಿಸುವವರಿಗೆ ಇವತ್ತಿಗೂ ಒಂದು ಕೈ ಜಾಸ್ತಿ ಪ್ರೀತಿ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು ಕೆಲಸದವರು ನಮ್ಮ ದೇಶದ ಕಡವೆ ಕೊಂಬನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಈ ಕೊಂಬು ಗಟ್ಟಿ. ಒಳಗಿನ ತೂತುತೂತಾದ ಭಾಗ ಕಡಿಮೆ, ಹೊರಗಿನ ಗಟ್ಟಿ ಪದರ ದಪ್ಪ. ಆದರೆ ಎಲ್ಲ ಚಾಕುವಿಗೂ ಸಾಕಾಗುವಷ್ಟು ಕೊಂಬು ಎಲ್ಲಿ ಸಿಗಬೇಕು? ಹಾಗಾಗಿ ದನದ ಕಾಲಿನ ಮೂಳೆಯನ್ನು ಕೆತ್ತಿ, ಬಣ್ಣ ಹಾಕಿ, ಕೊಂಬಿನಂತೆ ಕಾಣಿಸುವ ಕೆಲಸ ಬೆಳೆಯಿತು.

ಅಮೆರಿಕದಲ್ಲಿ ಇದು ಯಂತ್ರಕ್ಕೆ ಹತ್ತಿತು. ಕನೆಕ್ಟಿಕಟ್ ರಾಜ್ಯದ ರಾಕ್‌ಫಾಲ್‌ನಲ್ಲಿದ್ದ ರಾಜರ್ಸ್ ಕಂಪನಿ, ನ್ಯೂಜೆರ್ಸಿಯ ಎಗ್ ಹಾರ್ಬರ್‌ನಲ್ಲಿದ್ದ ವಿಂಟರ್‌ಬಾಟಮ್ ಕಂಪನಿ ಚಾಕು ಕಾರ್ಖಾನೆಗಳಿಗೆ ಕೆತ್ತಿದ ಮೂಳೆ ಪಟ್ಟಿಗಳನ್ನು ಒದಗಿಸುತ್ತಿದ್ದವು. ಇವತ್ತಿಗೂ ಸಂಗ್ರಾಹಕರು ಕೆತ್ತನೆಯ ಬಗೆಯನ್ನು ಈ ಹೆಸರುಗಳಿಂದಲೇ ಗುರುತಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕೊಂಬನ್ನು ಹೋಲುವುದು ವಿಂಟರ್‌ಬಾಟಮ್ ಕೆತ್ತನೆ. ಅದರಲ್ಲಿ ಗೀರುಗಳು ಉದ್ದುದ್ದ ಹರಿಯುತ್ತವೆ. ಪೆನ್ಸಿಲ್ವೇನಿಯಾದ ಬ್ರಾಡ್‌ಫೋರ್ಡ್‌ನಲ್ಲಿರುವ ಕೇಸ್ ಕಂಪನಿಯ ಚಾಕುಗಳಲ್ಲಿ ಮಾದರಿ ಸಂಖ್ಯೆ ನೋಡಿದರೂ ವಿಷಯ ತಿಳಿಯುತ್ತದೆ. ಸಂಖ್ಯೆ 5ರಿಂದ ಶುರುವಾದರೆ ನಿಜವಾದ ಕೊಂಬು, 6 ಇದ್ದರೆ ಸಾಮಾನ್ಯವಾಗಿ ಮೂಳೆ. ಆಮೇಲೆ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಬಂತು, ಮೂಳೆಯ ಕೆತ್ತನೆಯನ್ನೂ ಅಚ್ಚಿನಲ್ಲಿ ಒತ್ತುವ ಹಾಗಾಯಿತು. ಗಟ್ಟಿಯೇನೋ ಹೌದು. ಆದರೆ ಮೂಳೆ ಕೈಯಲ್ಲಿ ಆಡುತ್ತಾ ಆಡುತ್ತಾ ನಯವಾಗುವ ರೀತಿ ಅದಕ್ಕಿಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಇನ್ನೊಂದು ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಡವೆ, ಜಿಂಕೆಯ ಕೊಂಬು ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಬಂಡೀಪುರದಲ್ಲೋ ಕೊಡಗಿನ ಕಾಡಂಚಿನಲ್ಲೋ ತಾನಾಗಿ ಉದುರಿ ಬಿದ್ದ ಕೊಂಬು ಸಿಕ್ಕಿದರೂ ಎತ್ತಿಕೊಂಡು ಬರುವ ಹಾಗಿಲ್ಲ. ಅದು ಕಾಡಿನಲ್ಲೇ ಇರಬೇಕು. ಮುಳ್ಳುಹಂದಿಯಂಥ ಪ್ರಾಣಿಗಳು ಸುಣ್ಣದ ಅಂಶಕ್ಕಾಗಿ ಅದನ್ನು ಕಡಿಯುತ್ತವೆ. ನಮಗೆ ಮೂಳೆ ಸಾಕು. ಕಡವೆ ಕೊಂಬು ಎಮ್ಮೆ ಕೊಂಬಿನ ಥರ ಉಗುರಿನ ಜಾತಿಯದ್ದಲ್ಲ, ಅದೂ ನಿಜಕ್ಕೂ ಮೂಳೆಯೇ. ಅದಕ್ಕೇ ಈ ಅನುಕರಣೆ ಇಷ್ಟು ಚೆನ್ನಾಗಿ ಹೊಂದುತ್ತದೆ.

ಮೂಳೆ ಹದ ಮಾಡುವುದು

ಎಮ್ಮೆಯ ಮುಂಗಾಲು ಅಥವಾ ಹಿಂಗಾಲಿನ ನಲ್ಲಿ ಮೂಳೆ ಬೇಕು. ಆಡು, ಕುರಿಯದ್ದು ತೀರಾ ತೆಳು. ಸ್ವಚ್ಛ ಮಾಡುವ ರಗಳೆ ಬೇಡ ಎನ್ನುವವರಿಗೆ ಸಿದ್ಧ ಪಟ್ಟಿಗಳೂ ಸಿಗುತ್ತವೆ. ಉತ್ತರ ಪ್ರದೇಶದ ಸಂಭಲ್‌ನಲ್ಲಿ ಮೂಳೆ, ಕೊಂಬಿನ ಕರಕುಶಲ ಕೆಲಸ ದೊಡ್ಡ ಕಸುಬು.

ಹಸಿ ಮೂಳೆಯಾದರೆ ಎರಡೂ ಗಂಟು ಕತ್ತರಿಸಿ, ಒಳಗಿನ ಮಜ್ಜೆ ತೆಗೆದುಬಿಡಿ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊತಕೊತ ಕುದಿಸಿದರೆ ಮೂಳೆಗೆ ಗಟ್ಟಿತನ ಕೊಡುವ ಅಂಟಿನ ಅಂಶ ಬಿಟ್ಟುಹೋಗಿ, ಆಮೇಲೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ನಂತರ ಸೋಪಿನ ಬೆಚ್ಚಗಿನ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ಮೇಲೆ ಜಿಡ್ಡು ತೇಲುವುದು ನಿಲ್ಲುವವರೆಗೂ ಬಿಡಬೇಡಿ. ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯುವುದೇ ಇಲ್ಲ. ಬಿಳುಪು ಬೇಕಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಇಡಿ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ, ಮೂಳೆ ಒಳಗಿಂದ ಹಾಳಾಗುತ್ತದೆ. ಆಮೇಲೆ ಎರಡು ಮೂರು ವಾರ ನೆರಳಲ್ಲಿ ಒಣಗಲಿ. ಬಿಸಿಲಿಗೆ ಇಟ್ಟರೆ ಸೀಳುತ್ತದೆ.

ಪಟ್ಟಿ ಕತ್ತರಿಸುವುದು

ಮುಖಕ್ಕೆ ಎನ್-95 ಮಾಸ್ಕ್ ಹಾಕದೆ ಮೂಳೆಗೆ ಗರಗಸ ಮುಟ್ಟಿಸಬೇಡಿ. ಮೂಳೆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಜ್ಜುವಾಗ ನೀರು ಚಿಮುಕಿಸುತ್ತಿದ್ದರೆ ದೂಳೂ ಏಳುವುದಿಲ್ಲ, ಸುಟ್ಟ ವಾಸನೆಯೂ ಬರುವುದಿಲ್ಲ.

ಮೂಳೆಯನ್ನು ವೈಸ್‌ನಲ್ಲಿ ಮೆತ್ತಗೆ ಬಿಗಿದು, ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಸುಮಾರು 5 ಮಿ.ಮೀ. ದಪ್ಪದ ಎರಡು ಪಟ್ಟಿ ಸಿಕ್ಕರೆ ಸಾಕು. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಪಟ್ಟಿಯ ಹಿಂಬದಿ ಸಮತಟ್ಟಾಗುವವರೆಗೆ ಉಜ್ಜಿ. ಚಾಕುವಿನ ಹಿಡಿಯ ಒಳಪದರವಾಗಿರುವ ಹಿತ್ತಾಳೆ ತಗಡಿನ ಮೇಲೆ ಕೂರಿಸಿ ಬೆಳಕಿಗೆ ಹಿಡಿದಾಗ ಸಂದು ಕಾಣಬಾರದು. ಮೊಳೆಯ ತೂತುಗಳನ್ನು ಈಗಲೇ ಕೊರೆದುಕೊಳ್ಳಿ. ಅಡಿಯಲ್ಲಿ ಮರದ ತುಂಡು ಇಟ್ಟರೆ ಬಿಟ್ ಹೊರಬರುವ ಕಡೆ ಚಕ್ಕೆ ಏಳುವುದಿಲ್ಲ.

ಕೆತ್ತನೆ

ಕೆಲಸದ ಜೀವ ಇರುವುದು ಇಲ್ಲೇ. ಹೆಚ್ಚಿನವರು ಇಲ್ಲಿ ಜಾಸ್ತಿ ಕೆತ್ತಿ ಕೆಡಿಸುತ್ತಾರೆ.

ಮೊದಲು ನಿಜವಾದ ಕೊಂಬಿನ ಚಿತ್ರವೊಂದನ್ನು ದೊಡ್ಡದು ಮಾಡಿ ನೋಡಿ. ಗೀರುಗಳು ಉದ್ದಕ್ಕೆ ಹೋಗುತ್ತವೆ, ಆದರೆ ಯಾವುದೂ ನೇರವಲ್ಲ. ಒಂದು ಗೀರು ಸಣ್ಣಗೆ ಶುರುವಾಗುತ್ತದೆ, ನಡುವೆ ಆಳವಾಗುತ್ತದೆ, ಇನ್ನೊಂದು ಶುರುವಾಗುವ ಮೊದಲೇ ಮಾಯವಾಗುತ್ತದೆ. ಎರಡು ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಗುಳ್ಳೆಗಳು. ಬುಡದ ಕಡೆ ಒರಟು ಜಾಸ್ತಿ, ತುದಿಯ ಕಡೆ ಹೋದಂತೆ ನಯ. ಆದ್ದರಿಂದ ನಿಮ್ಮ ಪಟ್ಟಿಯಲ್ಲೂ ಯಾವ ಕಡೆ ಬುಡ, ಯಾವ ಕಡೆ ತುದಿ ಎಂದು ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಎರಡು ಪಟ್ಟಿಗೂ ಬುಡ ಒಂದೇ ಕಡೆ ಬರಲಿ. ಅಷ್ಟು ಬಿಟ್ಟರೆ ಎರಡೂ ಅವಳಿಗಳಂತೆ ಇರಬಾರದು. ಒಂದೇ ಗೀರು ಮತ್ತೆ ಮತ್ತೆ ಬಂದರೆ ಯಂತ್ರದ ಕೆಲಸ ಎಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಪಟ್ಟಿಯ ಹೊರಮೈಯನ್ನು ಅರದಿಂದ ಉಜ್ಜಿ ಸ್ವಲ್ಪ ಗುಂಡಗೆ ಮಾಡಿ. ಡ್ರೆಮೆಲ್ ಥರದ ಕೈ ಯಂತ್ರಕ್ಕೆ 2 ಮಿ.ಮೀ. ಗುಂಡು ಬಿಟ್ ಹಾಕಿ. ಯಂತ್ರ ಇಲ್ಲದಿದ್ದರೆ ಸಣ್ಣ ಗುಂಡು ಅರ ಸಾಕು, ಕೈ ನೋವಾಗುತ್ತದೆ ಅಷ್ಟೇ. ಬಿಟ್ಟನ್ನು ಒತ್ತಬೇಡಿ, ಮುಟ್ಟಿಸಿ ಎಳೆಯಿರಿ, ಎಳೆಯುತ್ತಲೇ ಮಣಿಕಟ್ಟು ಸ್ವಲ್ಪ ತಿರುಗಿಸಿ. ಆಳ 1 ಮಿ.ಮೀ. ದಾಟದಿರಲಿ. ಮೊದಲು ಆಳದ ಮೂರು ನಾಲ್ಕು ಗೀರು, ಆಮೇಲೆ ಅವುಗಳ ಪಕ್ಕದಲ್ಲಿ ತೆಳುವಾದವು, ಕೊನೆಗೆ ಬಿಟ್ಟಿನ ತುದಿಯಿಂದ ಚುಕ್ಕೆಗಳು. ಹಿಡಿಯ ತುದಿಯಲ್ಲಿರುವ ಲೋಹದ ತುಂಡಿಗೆ ಪಟ್ಟಿ ಸೇರುವ ಕಡೆ ಒಂದಿಷ್ಟು ಜಾಗ ನಯವಾಗಿಯೇ ಇರಲಿ. ಮಧ್ಯದಲ್ಲೂ ಎಲ್ಲೋ ಒಂದು ಕಡೆ ಸುಮ್ನೆ ಖಾಲಿ ಬಿಡಿ. ಆ ಖಾಲಿ ಜಾಗವೇ ಉಳಿದ ಗೀರುಗಳನ್ನು ನಂಬಿಸುವುದು.

ಬಣ್ಣ

ಕೊಂಬಿನಲ್ಲಿ ತಗ್ಗು ಕಪ್ಪುಕಂದು, ಉಬ್ಬು ಕೆನೆ ಬಣ್ಣ. ಮರಗಳಿಗೆ ತಿಕ್ಕಿ ತಿಕ್ಕಿ ಉಬ್ಬುಗಳು ಹೊಳಪಾಗಿರುತ್ತವೆ. ನಾವೂ ಅದೇ ಕ್ರಮದಲ್ಲಿ ಹೋಗೋಣ: ಮೊದಲು ಎಲ್ಲ ಕಡೆ ಕಪ್ಪು, ಆಮೇಲೆ ಉಬ್ಬನ್ನು ತಿಕ್ಕಿ ತೆಗೆಯುವುದು.

ಅರ್ಧ ಲೋಟ ಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿ. ನೀರು ಗಾಢ ನೇರಳೆಯಾಗುತ್ತದೆ. ಕೈಗವಸು ಹಾಕಿಕೊಂಡು ಬ್ರಷ್‌ನಿಂದ ಮೂಳೆಗೆ ಹಚ್ಚಿ. ಕೆಲವೇ ನಿಮಿಷದಲ್ಲಿ ನೇರಳೆ ಹೋಗಿ ಕಂದು ಬರುತ್ತದೆ. ಮೂಳೆಯಲ್ಲಿರುವ ಪ್ರೋಟೀನ್ ಜೊತೆ ವರ್ತಿಸಿ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಅದು ಅಲ್ಲೇ ಕೂರುತ್ತದೆ. ಒಣಗಿದ ಮೇಲೆ ಗೀರುಗಳಿಗೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಇನ್ನೆರಡು ಸಲ ಹಚ್ಚಿ. ಈ ಪುಡಿಯನ್ನು ಗ್ಲಿಸರಿನ್, ಸ್ಪಿರಿಟ್ ಹತ್ತಿರ ತರಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳ ಕೈಗೂ ಸಿಗಬಾರದು.

ಈಗ 400 ನಂಬರ್ ಉಪ್ಪುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ನೀರು ಹಾಕಿ ಉಬ್ಬುಗಳ ಮೇಲಷ್ಟೇ ಆಡಿಸಿ. ಬೆರಳಿನಿಂದ ಒತ್ತಿದರೆ ಕಾಗದ ತಗ್ಗಿಗೂ ಇಳಿದು ಕಪ್ಪೆಲ್ಲ ಹೋಗುತ್ತದೆ. ಕೆನೆ ಬಣ್ಣ ಕಂಡೊಡನೆ ನಿಲ್ಲಿಸಿ 800ಕ್ಕೆ ಬದಲಿಸಿ. ಹೊಸ ಮೂಳೆಯ ಬಿಳುಪು ಕಣ್ಣಿಗೆ ಹೊಡೆದರೆ, ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ಹಳದಿ ಛಾಯೆ ಬಂದು ಹಳೆಯದರಂತೆ ಕಾಣುತ್ತದೆ.

ಕೂರಿಸುವುದು

ಮೂಳೆ ಪೂರ್ತಿ ಒಣಗಿದ ಮೇಲೆ ಅರಾಲ್ಡೈಟ್ ಅಂಟು ಹಚ್ಚಿ ಹಿತ್ತಾಳೆ ತಗಡಿಗೆ ಅಂಟಿಸಿ. ಮೊಳೆ ತೂತಿಗೆ ಬಿಗಿಯಾಗಿ ಕೂರಬಾರದು, ಕೂದಲೆಳೆಯಷ್ಟು ಸಡಿಲ ಇರಬೇಕು. ಸುತ್ತಿಗೆಯ ಗುಂಡು ಬದಿಯಿಂದ ಟಕ್ ಟಕ್ ಎಂದು ಹಗುರವಾಗಿ ತಟ್ಟಿ ತಲೆ ಅರಳಿಸಿ. ಇಲ್ಲಿ ಆತುರ ಪಟ್ಟರೆ ತೂತಿನಿಂದ ಅಂಚಿಗೆ ಬಿರುಕು ಬಿಡುತ್ತದೆ, ಅದನ್ನು ಸರಿ ಮಾಡಲು ಆಗುವುದಿಲ್ಲ. ಕೊನೆಗೆ ಒಂದು ಹನಿ ಮಿನರಲ್ ಆಯಿಲ್ ಹಚ್ಚಿ ಹತ್ತಿ ಬಟ್ಟೆಯಿಂದ ಒರೆಸಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ನೀರಿನಲ್ಲಿ ನೆನೆಸಲೂ ಬೇಡಿ.

ಕೆಲಸ ಚೆನ್ನಾಗಿ ಬಂದಿದ್ದರೆ ನೋಡಿದವರು ಕಡವೆ ಕೊಂಬೇ ಅಂದುಕೊಳ್ಳುತ್ತಾರೆ. ಅದಕ್ಕೇ ಕತ್ತರಿಸಿದ ಮೂಳೆಯ ಉಳಿದ ತುಂಡು, ಕೆಲಸದ ನಡುವಿನ ಒಂದೆರಡು ಫೋಟೊ ಇಟ್ಟುಕೊಂಡಿರಿ. ಯಾರಿಗಾದರೂ ಕೊಡುವಾಗ, ಮಾರುವಾಗ ಎಮ್ಮೆ ಮೂಳೆ ಎಂದು ಬರೆದೇ ಕೊಡಿ.